ಎದುರು ಕಕ್ಷಿಯ ವಕೀಲೆ

ಅನಂತರಾಮರಿಗೆ ಕನ್ನಡವೆಂದರೆ ಬಾಗಿಲು ಹಾಕಿದ ಕೋಣೆ ಇದ್ದ ಹಾಗೆ. ದೆಹಲಿಯಲ್ಲಿ ತಲೆ ನರೆಯುವವರೆಗೆ ವಕೀಲಿ ಮಾಡಿದ್ದರೂ ಗುಟ್ಟಿನ ಮಾತಿಗೆಂದು ಅವರು ಯಾವತ್ತೂ ಮೂಲೆ ಹುಡುಕಿದವರಲ್ಲ. ಸುತ್ತ ಪಂಜಾಬಿಗಳು, ಬಂಗಾಳಿಗಳು, ಹರಿಯಾಣದವರು ಎಷ್ಟೇ ಜನ ನಿಂತಿರಲಿ, ಕನ್ನಡಕ್ಕೆ ಹೊರಳಿದರೆ ಮುಗಿಯಿತು, ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ.

ಆ ಮಾರ್ಚ್ ಬೆಳಿಗ್ಗೆಯೂ ಹಾಗೇ ಆಯಿತು. ಸಾಲ ವಸೂಲಾತಿ ನ್ಯಾಯಮಂಡಳಿಯ ಕಾರಿಡಾರಿನಲ್ಲಿ, ಬಣ್ಣ ಹೋದ ಬೆಂಚಿನ ಮೇಲೆ ಕೂತು, ಅವರು ತಮ್ಮ ಜೂನಿಯರ್ ಮುರಳೀಧರನಿಗೆ ಮೊದಲು ತಮ್ಮ ಮೊಣಕಾಲು ನೋವಿನ ಕಥೆಯನ್ನೆಲ್ಲ ಹೇಳಿ ಮುಗಿಸಿದರು. ಆಮೇಲೆ ಕೇಸಿಗೆ ಬಂದರು.

"ನೋಡಪ್ಪಾ ಮುರಳಿ, ಬ್ಯಾಂಕಿನವರು ಇವತ್ತು ರಾಜಿ ಮಾತು ಎತ್ತಬಹುದು. ಎತ್ತಿದ್ರೆ ನಾವು ಕೆಳಗಿನಿಂದ ಶುರು ಮಾಡೋಣ. ಆದ್ರೆ ಖುರಾನಾ ಸಾಹೇಬ್ರು ನಿನ್ನೆ ಮನೆಗೆ ಬಂದಿದ್ರು. ಎಷ್ಟೇ ಎಳೆದಾಡಿದ್ರೂ ಕೊನೆಗೆ ಅವರು ಒಪ್ಪೋದು ಅಂದ್ರೆ—"

"ಸರ್, ಪ್ಲೀಸ್. ಅದನ್ನ ಹೇಳ್ಬೇಡಿ."

ಮಾತು ಬಂದದ್ದು ಅದೇ ಬೆಂಚಿನ ಇನ್ನೊಂದು ತುದಿಯಿಂದ. ಕಪ್ಪು ಕೋಟು, ಕತ್ತಿನಲ್ಲಿ ಬಿಳಿ ಬ್ಯಾಂಡು, ತೊಡೆಯ ಮೇಲೆ ಅವಳ ಕೈಯಷ್ಟೇ ದಪ್ಪದ ಫೈಲು. ಹುಡುಗಿ ಎದ್ದು ನಿಂತಳು.

"ನಂಗೆ ಕನ್ನಡ ಬರುತ್ತೆ. ನಾನು ಬ್ಯಾಂಕ್ ಕಡೆ. ನಿಹಾರಿಕಾ ರಾವ್."

ಅನಂತರಾಮರ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಇಲ್ಲಿವರೆಗೂ ಕೇಳಿಸಿದ್ದು ನಿಮ್ಮ ಮೊಣಕಾಲಿನ ವಿಷಯ ಅಷ್ಟೇ, ಸರ್. ಅದನ್ನ ನಾನು ಯಾರಿಗೂ ಹೇಳಲ್ಲ."

ಮುರಳೀಧರನಿಗೆ ನಗು ತಡೆಯಲಾಗಲಿಲ್ಲ. ಅವಳು ಅವನತ್ತ ತಿರುಗಿದಳು. ನಗಬೇಕೋ ಗಂಭೀರವಾಗಿರಬೇಕೋ ತಿಳಿಯದೆ ತುಟಿಗಳು ಒಂದು ಕ್ಷಣ ಹೊಯ್ದಾಡಿದವು. ಕಣ್ಣುಗಳು ಮಾತ್ರ ಆಗಲೇ ನಕ್ಕುಬಿಟ್ಟಿದ್ದವು.

ಇನ್ನೊಂದೇ ಒಂದು ಉಸಿರು ಸುಮ್ಮನೆ ಕೂತಿದ್ದರೆ ಈ ಹುಡುಗಿ ನಮ್ಮ ಕೈಯಲ್ಲಿದ್ದ ಇಸ್ಪೀಟಿನ ಎಲೆಗಳನ್ನೆಲ್ಲ ನೋಡಿಬಿಡುತ್ತಿದ್ದಳು ಎಂದು ಅವನಿಗೆ ಹೊಳೆದದ್ದು ಆಮೇಲೆ. ಕೂರಲಿಲ್ಲ ಅವಳು. ಎದ್ದು ನಿಂತಳು.

*

ಅನಂತರಾಮರದು ದಿವಾಳಿಯ ಅಂಚಿಗೆ ಬಂದವರ ಪರವಾಗಿ ನಿಲ್ಲುವ ಕಚೇರಿ. ಮುಳುಗಿದ ಕಂಪನಿಗಳು, ಮಾರಾಟಕ್ಕೆ ಬಂದ ಮನೆಗಳು, ಜಾಮೀನು ಹಾಕಿ ಸಿಕ್ಕಿಬಿದ್ದ ಅಣ್ಣತಮ್ಮಂದಿರು, ಇವರೇ ಅವರ ಕಕ್ಷಿದಾರರು. ಸತ್‌ಪಾಲ್ ಖುರಾನಾ ಅಂಥವರಲ್ಲೊಬ್ಬರು. ಫರೀದಾಬಾದಿನಲ್ಲಿ ಅವರದು ಸೀಲಿಂಗ್ ಫ್ಯಾನಿನ ಕಾರ್ಖಾನೆ. ಅಗ್ಗದ ಫ್ಯಾನುಗಳು ಮಾರುಕಟ್ಟೆಗೆ ನುಗ್ಗಿದವು, ನಂಬಿದ ದೊಡ್ಡ ವ್ಯಾಪಾರಿಯೊಬ್ಬ ಕೈಯೆತ್ತಿದ, ಬ್ಯಾಂಕಿನ ಸಾಲ ಬೆಳೆಯಿತು. ಈಗ ಬ್ಯಾಂಕು ಕಾರ್ಖಾನೆಯ ಜೊತೆಗೆ ಲಾಜಪತ್ ನಗರದ ಅವರ ಮನೆಯನ್ನೂ ಹರಾಜಿಗಿಡಲು ಕೇಳುತ್ತಿತ್ತು.

ಆವತ್ತು ವಿಚಾರಣೆ ನಡೆಯಲೇ ಇಲ್ಲ. ಮುಂದಿನ ತಾರೀಖು ಕೊಟ್ಟರು. ಕೆಳಗೆ ಬೇವಿನ ಮರದಡಿಯ ಚಹಾದ ಅಂಗಡಿಯಲ್ಲಿ ಮುರಳೀಧರ ಅವಳನ್ನು ಮತ್ತೆ ಕಂಡ.

"ಥ್ಯಾಂಕ್ಸ್ ಹೇಳ್ಬೇಕಿತ್ತು" ಎಂದ.

"ಚಾಯ್ ಕೊಡಿಸಿ, ಸಾಕು. ಶುಂಠಿ ಜಾಸ್ತಿ ಇರ್ಲಿ. ಭಯ್ಯಾ, ದೋ ಚಾಯ್, ಅದ್ರಕ್ ಜ್ಯಾದಾ."

"ರಾವ್ ಅಂತ ನೋಡಿ ಆಂಧ್ರದವರು ಅಂದ್ಕೊಂಡಿದ್ದೆ."

"ಇಲ್ಲಿಯವರಿಗೆ ನಾವೆಲ್ಲ ಮದ್ರಾಸಿಗಳೇ. ನೀವೂ ಹಾಗೇ ಅಂದ್ಕೊಂಡ್ರಾ?" ಅವಳು ಹುಬ್ಬೇರಿಸಿದಳು. "ಅಪ್ಪ ಕೋಲಾರದವರು. ಕೃಷಿ ಭವನದಲ್ಲಿ ಕೆಲಸ. ನಾನು ಹುಟ್ಟಿದ್ದು, ಬೆಳೆದಿದ್ದು ಎಲ್ಲ ಆರ್.ಕೆ.ಪುರಂ ಕ್ವಾರ್ಟರ್ಸಲ್ಲೇ. ನನ್ನ ಕನ್ನಡ ಥೋಡಾ ವೀಕ್."

"ಚೆನ್ನಾಗೇ ಇದೆಯಲ್ಲ."

ಅಷ್ಟರಲ್ಲಿ ಅವಳ ಮೊಬೈಲು ಕೂಗಿತು. ಅವಳ ತಾಯಿ ಇರಬೇಕು. "ಹಾಂ ಅಮ್ಮ, ಮುಗೀತು. ಬಸ್ ಬಂದಳು ಅಂದ್ರೆ ಹತ್ತಿ ಬಂದ್ಬಿಡ್ತೀನಿ" ಎಂದು ಇಟ್ಟಳು.

"ಯಾರು ಬಂದಳು?"

"ಬಸ್."

"ಬಸ್ಸು ಹೆಣ್ಣಾ?"

"ಹಿಂದಿಯಲ್ಲಿ ಹೆಣ್ಣೇ ನಾ! ಬಸ್ ಆಯೀ." ಅವಳಿಗೆ ತಪ್ಪು ಹೊಳೆಯಿತು. ಚಹಾದ ಲೋಟವನ್ನು ಮುಖದವರೆಗೆ ಎತ್ತಿ ಅದರ ಹಿಂದೆ ಅಡಗಿಕೊಂಡಳು. "ಹೇಳಿದೆನಲ್ಲ, ಎರಡು ಮಾತು ಜಾಸ್ತಿ ಆಡಿದ್ರೆ ಗೊತ್ತಾಗುತ್ತೆ ಅಂತ."

"ಹೇಳಿರಲಿಲ್ಲ."

"ಈಗ ಹೇಳಿದೆ." ಲೋಟದ ಅಂಚಿನ ಮೇಲಿಂದ ಎರಡು ಕಣ್ಣುಗಳಷ್ಟೇ ಕಾಣುತ್ತಿದ್ದವು. "ಇನ್ನೊಂದು ಹೇಳ್ತೀನಿ, ನಗಬಾರದು. ಚಿಕ್ಕವಳಿದ್ದಾಗ ಅಮ್ಮ ಯಾರ ಬಗ್ಗೆಯೋ 'ಪಾಪ, ಅವರು ದಿವಾಳಿ ಆಗಿಬಿಟ್ರು' ಅನ್ನೋಳು. ನಂಗೆ ದಿವಾಳಿ ಅಂದ್ರೆ ಪಟಾಕಿ, ಮಿಠಾಯಿ. ಮನೆಯಲ್ಲಿ ದಿವಾಳಿ ಆದ್ರೆ ಇವರು ಯಾಕೆ ಅಳ್ತಾರೆ ಅಂತ ಬಹಳ ವರ್ಷ ಅರ್ಥವೇ ಆಗ್ಲಿಲ್ಲ."

ಅವನು ನಕ್ಕ. ಮೇಲೆ ಬೇವಿನ ಹಳದಿ ಎಲೆಗಳು ಉದುರುತ್ತಿದ್ದವು. ಒಂದು ಎಲೆ ಅವಳ ಕೋಟಿನ ಭುಜದ ಮೇಲೆ ಬಂದು ಕೂತಿತು. ತೆಗೆಯಲೆಂದು ಅವನ ಕೈ ಅರ್ಧ ಎದ್ದು, ಎದುರು ಕಕ್ಷಿಯ ವಕೀಲೆ ಎಂಬುದು ನೆನಪಾಗಿ, ಮತ್ತೆ ಲೋಟಕ್ಕೆ ಮರಳಿತು.

ಅದನ್ನು ಅವಳು ನೋಡಿದಳು. ನೋಡಿಯೂ ಎಲೆಯನ್ನು ಕೊಡವಲಿಲ್ಲ.

*

ನ್ಯಾಯಮಂಡಳಿಗೆ ಬರುವವರೆಲ್ಲ ತಾರೀಖುಗಳನ್ನು ಶಪಿಸುತ್ತಾರೆ. ಇವತ್ತು ಅಧಿಕಾರಿ ರಜೆ, ನಾಳೆ ಕಾಗದ ಸಾಲದು, ನಾಡಿದ್ದು ಮುಷ್ಕರ. ಮುರಳೀಧರನೂ ಹಿಂದೆಲ್ಲ ಶಪಿಸುತ್ತಿದ್ದವನೇ. ಈಗ ಮಾತ್ರ ಮುಂದೂಡಿದ ಪ್ರತಿ ತಾರೀಖೂ ಬೇವಿನ ಮರದಡಿಯ ಇನ್ನೊಂದು ಲೋಟ ಚಹಾ ಎಂದು ಅವನ ಮನಸ್ಸು ಕಳ್ಳತನದಲ್ಲಿ ಹಿಗ್ಗುತ್ತಿತ್ತು. ಪಕ್ಕದಲ್ಲಿ ನಿಂತ ಖುರಾನಾ ನಿಟ್ಟುಸಿರು ಬಿಟ್ಟಾಗ ಅದೇ ಮನಸ್ಸು ನಾಚಿ ತಲೆ ತಗ್ಗಿಸುತ್ತಿತ್ತು.

"ನೀವು ಬ್ಯಾಂಕ್ ಕಡೆ ಯಾಕೆ ಸೇರಿದ್ರಿ?" ಎಂದು ಒಮ್ಮೆ ಕೇಳಿದ.

"ಯಾಕೆ, ಬ್ಯಾಂಕ್ ಅಂದ್ರೆ ವಿಲನ್ನಾ?" ಅವಳು ತಕ್ಷಣ ನೆಟ್ಟಗಾದಳು. "ಆ ದುಡ್ಡು ಯಾರದ್ದು? ನಮ್ಮಪ್ಪನಂಥವರು ತಿಂಗಳು ತಿಂಗಳು ಇಟ್ಟ ಎಫ್.ಡಿ.ಯದ್ದು. ಅದನ್ನ ವಾಪಸ್ ಕೇಳೋಕೂ ಒಬ್ಬರು ಬೇಕಲ್ಲ."

"ಬೇಕು, ಒಪ್ಪಿದೆ."

"ಅಚ್ಛಾ, ಇಷ್ಟು ಬೇಗ ಒಪ್ಪಿದ್ರಾ? ಒಳಗೆ ಮಾತ್ರ ಒಂದು ಕಾಮಾನೂ ಬಿಡಲ್ಲ ನೀವು."

"ಒಳಗೆ ನಿಮ್ಮ ಕಡೆ ನೋಡೋದೂ ಇಲ್ಲ ನಾನು."

"ನೋಡ್ತೀರ" ಎಂದಳು ನಿಹಾರಿಕಾ. ಫೈಲನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿಹೋದಳು. ತಿರುಗಿ ನೋಡಲಿಲ್ಲ. ಆದರೆ ಜಡೆ ಹಾಕಿದ ತಲೆ ನಗುವಿಗೆ ಸ್ವಲ್ಪ ಅಲುಗಿದ್ದು ಅವನಿಗೆ ಕೆಳಗಿನಿಂದಲೇ ಕಂಡಿತು.

*

ಮೇ ತಿಂಗಳಲ್ಲಿ ಕಾರ್ಖಾನೆಯಲ್ಲಿ ಏನೇನಿದೆ ಎಂದು ನೋಡಿ ಬರೆದುಕೊಳ್ಳಲು ನ್ಯಾಯಮಂಡಳಿ ಒಬ್ಬ ಕಮಿಷನರನ್ನು ನೇಮಿಸಿತು. ಎರಡೂ ಕಡೆಯ ವಕೀಲರು ಜೊತೆಗೆ ಹೋಗಬೇಕು. ಅನಂತರಾಮರಿಗೆ ಮೊಣಕಾಲು ನೋವು. ಮುರಳೀಧರ ಒಬ್ಬನೇ ಹೊರಟ. ಬ್ಯಾಂಕಿನ ಕಡೆಯಿಂದ ನಿಹಾರಿಕಾ ಬಂದಳು.

ಫರೀದಾಬಾದಿನಲ್ಲಿ ಲೂ ಬೀಸುತ್ತಿತ್ತು. ಆ ಬಿಸಿಗಾಳಿಗೆ ಕಣ್ಣೇ ಒಣಗುತ್ತದೆ. ಕಾರ್ಖಾನೆಯ ಗೇಟಿನ ಹತ್ತಿರ ಬಿಳಿ ಕುರ್ತಾದ ಖುರಾನಾ ತಾವೇ ನಿಂತಿದ್ದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಲಸ್ಸಿಯ ಲೋಟಗಳು.

ನಿಹಾರಿಕಾ ಹಿಂದೆ ಸರಿದಳು. "ಅಂಕಲ್‌ಜೀ, ನಾನು ಬ್ಯಾಂಕ್ ಕಡೆಯವಳು" ಎಂದಳು ಹಿಂದಿಯಲ್ಲಿ.

"ಗೊತ್ತು ಬೇಟಿ. ಬಿಸಿಲು ಬ್ಯಾಂಕಿನವರನ್ನ ಬಿಡುತ್ತಾ?" ಎಂದರು ಮುದುಕ. "ಕುಡಿ, ಆಮೇಲೆ ಬರ್ಕೋ. ಕುಡಿದಿದ್ದನ್ನ ಬೇಕಾದ್ರೆ ಬರೀಬೇಡ."

ಅವಳು ಮುರಳೀಧರನ ಮುಖ ನೋಡಿದಳು. ಅವನು ತನ್ನ ಲೋಟ ಎತ್ತಿ ಕುಡಿದ. ಅವಳೂ ಕುಡಿದಳು. ಮೇಲ್ದುಟಿಯ ಮೇಲೆ ಸಣ್ಣದೊಂದು ಬಿಳಿಯ ಗೆರೆ ಉಳಿಯಿತು. ಹೇಳಲೋ ಬೇಡವೋ ಎಂದು ಅವನು ಒದ್ದಾಡುತ್ತಿದ್ದಾಗ ಕಮಿಷನರೇ, "ಮೇಡಂ, ಮೀಸೆ" ಎಂದುಬಿಟ್ಟರು.

ಒಳಗೆ ಅರ್ಧಕ್ಕರ್ಧ ಯಂತ್ರಗಳು ನಿಂತಿದ್ದವು. ಧೂಳು, ಗ್ರೀಸಿನ ವಾಸನೆ, ತಾಮ್ರದ ತಂತಿ ಸುತ್ತುತ್ತಿದ್ದ ಕೆಲವೇ ಕೈಗಳು. ಅವಳು ಒಂದೊಂದನ್ನೂ ಮುಟ್ಟಿ ನೋಡಿ ಬರೆದುಕೊಳ್ಳುತ್ತಿದ್ದಳು. ಸುಮ್ಮನೆ ಬರೆಯುತ್ತಿರಲಿಲ್ಲ. ಇದೇನು, ಇದು ನಡೆಯುತ್ತದೆಯೇ, ಯಾರು ನಡೆಸುತ್ತಾರೆ ಎಂದು ಕೇಳುತ್ತಿದ್ದಳು. ಕೆಲಸದವರು ಮೊದಲು ಅನುಮಾನದಿಂದ, ಆಮೇಲೆ ಉತ್ಸಾಹದಿಂದ ಉತ್ತರಿಸಿದರು.

ಕೊನೆಗೆ ಖುರಾನಾ ಎಲ್ಲರನ್ನೂ ಫ್ಯಾನುಗಳನ್ನು ಪರೀಕ್ಷಿಸುವ ಹಾಲಿಗೆ ಕರೆದೊಯ್ದರು. ಎತ್ತರದ ಮಾಡಿನ ತುಂಬ ಸಾಲುಸಾಲಾಗಿ ಫ್ಯಾನುಗಳು ತೂಗುತ್ತಿದ್ದವು.

"ಬಂದವರು ಸೆಖೆಯಲ್ಲಿ ನಿಂತರೆ ಫ್ಯಾನ್ ಮಾಡೋನಿಗೆ ಮರ್ಯಾದೆ ಏನು?" ಎಂದು ಅವರು ಗೋಡೆಯ ದೊಡ್ಡ ಸ್ವಿಚ್ಚನ್ನು ಮೇಲೆತ್ತಿದರು.

ಮೊದಲು ಒಂದು ಸಣ್ಣ ಗುನುಗು. ಆಮೇಲೆ ಒಂದೊಂದೇ ರೆಕ್ಕೆ ಎಚ್ಚೆತ್ತು ತಿರುಗತೊಡಗಿತು. ನೋಡನೋಡುತ್ತ ಇಡೀ ಮಾಡು ಗಾಳಿಯಾಗಿ ಕೆಳಗಿಳಿಯಿತು. ನಿಹಾರಿಕಾಳ ಕೈಯಲ್ಲಿದ್ದ ಹಾಳೆಗಳು ಹಾರಿದವು.

"ಅರೇ!"

ಅವಳು ಒಂದರ ಹಿಂದೆ ಓಡಿದಳು, ಅವನು ಇನ್ನೊಂದರ ಹಿಂದೆ. ಅವಳ ನೀಲಿ ದುಪಟ್ಟಾ ಹಾರಿ ಬಂದು ಅವನ ಮುಖಕ್ಕೆ ಸುತ್ತಿಕೊಂಡಿತು. ಒಂದು ಕ್ಷಣ ಅವನ ಲೋಕವೆಲ್ಲ ನೀಲಿ. ಮಲ್ಲಿಗೆಯೂ ಅಲ್ಲದ, ಸೋಪೂ ಅಲ್ಲದ, ಯಾವುದೋ ತಣ್ಣನೆಯ ಪರಿಮಳ. ಬಿಡಿಸಿಕೊಂಡಾಗ ಅವಳು ಎದುರಿಗೇ ನಿಂತಿದ್ದಳು. ಜಡೆ ಬಿಚ್ಚಿ ಕೂದಲು ಹಾರುತ್ತಿತ್ತು. ಎದೆಗೆ ಹಾಳೆಗಳನ್ನು ಒತ್ತಿಕೊಂಡು, ಚಿಕ್ಕ ಹುಡುಗಿಯ ಹಾಗೆ ತಲೆಯೆತ್ತಿ ಫ್ಯಾನುಗಳನ್ನು ನೋಡುತ್ತ ನಗುತ್ತಿದ್ದಳು.

"ಎಷ್ಟು ಚೆನ್ನಾಗಿದೆ ನಾ?" ಎಂದಳು.

"ಹೌದು" ಎಂದ ಮುರಳೀಧರ. ಅವನು ಫ್ಯಾನುಗಳನ್ನು ನೋಡುತ್ತಿರಲಿಲ್ಲ.

ಅವಳಿಗೆ ಗೊತ್ತಾಯಿತು. ನಗು ಮೆಲ್ಲಗೆ ಇಳಿದು ಇನ್ನೇನೋ ಆಯಿತು. ದುಪಟ್ಟಾದ ತುದಿ ಇನ್ನೂ ಅವನ ಕೈಯಲ್ಲಿತ್ತು. ಅವಳು ಎಳೆದುಕೊಳ್ಳಲಿಲ್ಲ. ಖುರಾನಾ ಸ್ವಿಚ್ಚು ಇಳಿಸಿದಾಗ, ರೆಕ್ಕೆಗಳು ನಿಧಾನವಾಗಿ ನಿಲ್ಲುವಾಗ, ಅವನೇ ಬಿಟ್ಟ.

*

ವಾಪಸ್ ಬರುವಾಗ ಬದರ್‌ಪುರದ ಗಡಿಯಲ್ಲಿ ಟ್ರಕ್ಕುಗಳ ಸಾಲು. ಮುಂದಿನ ಸೀಟಿನಲ್ಲಿ ಕಮಿಷನರ್ ಸಾಹೇಬರು ಗೊರಕೆ ಹೊಡೆಯುತ್ತಿದ್ದರು. ಹಿಂದೆ ಇವರಿಬ್ಬರು, ನಡುವೆ ಎರಡೂ ಕಡೆಯ ಫೈಲುಗಳು.

"ನೀವು ದೆಹಲಿಗೆ ವಕೀಲರಾಗೋಕೇ ಬಂದ್ರಾ?"

"ಕಲೆಕ್ಟರ್ ಆಗೋಕೆ ಬಂದೆ" ಎಂದ ಅವನು. "ಚಿಕ್ಕನಾಯಕನಹಳ್ಳಿಯಿಂದ ಸೀದಾ ಮುಖರ್ಜಿ ನಗರಕ್ಕೆ. ಕೋಚಿಂಗು, ಹಾಸ್ಟೆಲ್ಲು, ರಾಜ್ಮಾ ಚಾವಲ್ಲು. ಪ್ರತಿ ಸಲವೂ ಇನ್ನೇನು ಆಗಿಹೋಯ್ತು ಅನ್ನೋ ಹಾಗೆ ಹತ್ತಿರ ಹೋಗಿ ಬೀಳ್ತಿದ್ದೆ. ಕೊನೇ ಸಲ ಸಂದರ್ಶನದಲ್ಲಿ ಬಿದ್ದಾಗ ಊರಿಗೆ ಫೋನ್ ಮಾಡೋಕೆ ಧೈರ್ಯ ಬರಲಿಲ್ಲ. ಕರ್ನಾಟಕ ಸಂಘದ ಊಟದಲ್ಲಿ ಅನಂತರಾಮ್ ಸರ್ ಸಿಕ್ಕಿದ್ರು. ಲಾ ಓದು, ನನ್ನ ಹತ್ರ ಬಾ, ನನ್ನ ಕಕ್ಷಿದಾರರೆಲ್ಲ ಬಿದ್ದವರೇ, ಅವರ ಭಾಷೆ ನಿಂಗೆ ಬರುತ್ತೆ ಅಂದ್ರು."

ಅವಳು ಫೈಲುಗಳ ಮೇಲಿಂದ ಅವನತ್ತ ಬಾಗಿದಳು. "ಫೋನ್ ಮಾಡಿದ್ರಾ? ಊರಿಗೆ?"

"ವಾರ ಕಳೆದು ಮಾಡಿದೆ. ಅಮ್ಮ, ಊಟ ಆಯ್ತಾ ಅಂದ್ಲು. ಅಷ್ಟೇ."

ನಿಹಾರಿಕಾ ಕಿಟಕಿಯತ್ತ ಮುಖ ತಿರುಗಿಸಿದಳು. ಕಣ್ಣೊರೆಸಿಕೊಂಡಳೇನೋ. ಮತ್ತೆ ತಿರುಗಿದಾಗ ದನಿ ಬೇರೆಯಾಗಿತ್ತು.

"ಮುರಳೀಧರ್, ಒಂದು ರೂಲ್ ಮಾಡೋಣ. ಈ ಕೇಸ್ ಮುಗಿಯೋವರೆಗೂ ಫೋನ್ ಬೇಡ. ಮೆಸೇಜ್ ಬೇಡ. ಚಾಯ್ ಕೂಡ ಬೇಡ. ಖುರಾನಾ ಅಂಕಲ್ ನಿಮ್ಮನ್ನ ನಂಬಿದ್ದಾರೆ, ಬ್ಯಾಂಕ್ ನನ್ನನ್ನ ನಂಬಿದೆ. ನಾವಿಬ್ಬರು ಹೀಗೆ..." ಅವಳು ಪದ ಹುಡುಕಿದಳು. ಕನ್ನಡದಲ್ಲಿ ಸಿಗಲಿಲ್ಲ. ಹಿಂದಿಯಲ್ಲೂ ಹೇಳಲಿಲ್ಲ.

"ಹೀಗೆ ಅಂದ್ರೆ ಹೇಗೆ?"

"ನಿಮಗೆ ಗೊತ್ತು."

ಅವನಿಗೆ ಗೊತ್ತಿತ್ತು. "ಆಯ್ತು" ಎಂದ. ಟ್ರಕ್ಕುಗಳು ಸರಿದವು, ಕಾರು ಹೊರಟಿತು. ಮಥುರಾ ರಸ್ತೆಯುದ್ದಕ್ಕೂ ಇಬ್ಬರೂ ಸುಮ್ಮನೆ ತಮ್ಮ ತಮ್ಮ ಕಿಟಕಿಯ ಹೊರಗೆ ನೋಡುತ್ತ ಬಂದರು.

*

ಆಗಸ್ಟಿನಲ್ಲಿ ಕೊನೆಗೂ ವಾದ ನಡೆಯಿತು. ನಿಹಾರಿಕಾಳ ಸೀನಿಯರ್ ಸೂದ್ ಮೇಡಂ ಹೈಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ದೊಡ್ಡ ಕೇಸೊಂದನ್ನು ಅವಳು ಒಬ್ಬಳೇ ವಾದಿಸಿದ್ದು ಅದೇ ಮೊದಲು.

ಕಾರ್ಖಾನೆಗೆ ಹೊಸ ಖರೀದಿದಾರನೊಬ್ಬ ಬರಬಹುದು, ಸಮಯ ಕೊಡಿ ಎಂದು ಮುರಳೀಧರ ಕೇಳಿದ. ಅವಳು ಎದ್ದಳು. ದನಿ ಏರಿಸಲಿಲ್ಲ. ಹಿಂದೆ ಎಷ್ಟು ಸಲ ಸಮಯ ಕೊಟ್ಟಿದ್ದಾಯಿತು, ಪ್ರತಿ ಸಲ ಏನು ಹೇಳಿದ್ದರು, ಏನಾಯಿತು, ಎಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲಿಟ್ಟ ಹಾಗೆ ಹೇಳಿದಳು. ಅವಳ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು.

ಆದೇಶ ಬ್ಯಾಂಕಿನ ಪರವಾಗಿ ಬಂತು. ಕಾರ್ಖಾನೆಯನ್ನೂ ಮನೆಯನ್ನೂ ವಶಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಮೊದಲು ರಾಜಿಗೆ ಕೊನೆಯ ಅವಕಾಶವೆಂದು ಕೆಲವು ವಾರ ಬಿಟ್ಟುಕೊಟ್ಟರು.

ಕಾರಿಡಾರಿನಲ್ಲಿ ಖುರಾನಾ ಮುರಳೀಧರನ ಬೆನ್ನು ತಟ್ಟಿದರು. "ಕೋಯೀ ಬಾತ್ ನಹೀಂ, ಪರವಾಗಿಲ್ಲ ಬೇಟಾ. ಹುಡುಗಿ ಸರಿಯಾಗಿಯೇ ಹೇಳಿದಳು" ಎಂದು ಮೆಲ್ಲಗೆ ಮೆಟ್ಟಿಲಿಳಿದರು.

ನಿಹಾರಿಕಾ ಬಾಗಿಲಲ್ಲಿ ನಿಂತಿದ್ದಳು.

"ನಾನು ಸಾರಿ ಹೇಳಲ್ಲ" ಎಂದಳು.

"ಹೇಳಿದ್ರೆ ನಂಗೆ ಕೋಪ ಬರ್ತಿತ್ತು. ಚೆನ್ನಾಗಿ ವಾದ ಮಾಡಿದ್ರಿ."

ಮನಸಾರೆ ಹೇಳಿದ ಮಾತೇ. ಆದರೆ ಸೋತವನ ಬಾಯಲ್ಲಿ ಅದು ಒಣಗಿದ ರೊಟ್ಟಿಯ ಹಾಗೆ ಹೊರಬಂತು. ಅವಳ ಮುಖ ಬಾಡಿತು. ಸರಿಪಡಿಸೋಣವೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಲಿಫ್ಟಿನೊಳಗೆ ಹೋಗಿಯಾಗಿತ್ತು.

*

ಅಂದಿನಿಂದ ಅವನು ಬೇರೆ ಕೆಲಸವೇ ಇಲ್ಲದವನಂತೆ ಖರೀದಿದಾರನ ಹಿಂದೆ ಬಿದ್ದ. ಗಾಜಿಯಾಬಾದಿನ ಕೂಲರ್ ಕಂಪನಿಯೊಂದಕ್ಕೆ ಮೋಟಾರು ಮಾಡುವ ಜಾಗ ಬೇಕಿತ್ತು. ಅವರನ್ನು ಕಾರ್ಖಾನೆಗೆ ಕರೆದೊಯ್ದ, ಕೆಲಸದವರ ಜೊತೆ ಕೂರಿಸಿದ, ಅನಂತರಾಮರ ಕೈಯಲ್ಲಿ ತಿದ್ದಿಸಿ ಬ್ಯಾಂಕಿಗೆ ರಾಜಿಯ ಪ್ರಸ್ತಾಪ ಕಳಿಸಿದ. ಕಾರ್ಖಾನೆ ಕೆಲಸದವರ ಸಮೇತ ಕೂಲರ್ ಕಂಪನಿಗೆ, ಬಂದ ಹಣ ಬ್ಯಾಂಕಿಗೆ, ಮನೆ ಮಾತ್ರ ಖುರಾನಾ ದಂಪತಿಗೆ.

ಮುಂದಿನ ತಾರೀಖಿಗೆ ನ್ಯಾಯಮಂಡಳಿಗೆ ಹೋದಾಗ ಬ್ಯಾಂಕಿನ ಪರವಾಗಿ ಬೇರೊಬ್ಬ ವಕೀಲ ಎದ್ದ. ಅನೂಪ್ ಅಂತೆ.

"ಮಿಸ್ ರಾವ್?" ಎಂದು ಮುರಳೀಧರ ಆಮೇಲೆ ಕೇಳಿದ, ಸುಮ್ಮನೆ ಕೇಳಿದವನ ಹಾಗೆ.

"ಈ ಮ್ಯಾಟರಲ್ಲಿ ಅವರಿಲ್ಲ ಈಗ. ಫೈಲು ನನಗೆ ಬಂದಿದೆ" ಎಂದ ಅನೂಪ್. ಅವನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ನನ್ನ ಮುಖ ನೋಡಲು ಇಷ್ಟವಿಲ್ಲದೆ ಬಿಟ್ಟಳು ಎಂದು ಮುರಳೀಧರ ತೀರ್ಮಾನಿಸಿದ. ಆ ಒಣ ಮಾತು ಆಡದಿದ್ದರೆ ಚೆನ್ನಾಗಿತ್ತು. ವಸಂತ್ ಕುಂಜ್‌ನ ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು, ಮೊಬೈಲಿನಲ್ಲಿ ಅವಳ ಹೆಸರಿನವರೆಗೆ ಹೋಗುತ್ತಿದ್ದ, ಹಿಂದೆ ಬರುತ್ತಿದ್ದ. ಕೇಸು ಮುಗಿದಿರಲಿಲ್ಲ. ಮಾತು ಕೊಟ್ಟಾಗಿತ್ತು.

ಬೇವಿನ ಮರದಡಿ ಒಬ್ಬನೇ ನಿಂತರೆ ಅಂಗಡಿಯವನು, "ಮೇಡಂ ನಹೀಂ ಆಯೀ?" ಎನ್ನುತ್ತಿದ್ದ. ಕೊನೆಗೆ ಅಲ್ಲಿ ಚಹಾ ಕುಡಿಯುವುದನ್ನೇ ಬಿಟ್ಟ.

*

ಸ್ವೆಟರುಗಳು ಪೆಟ್ಟಿಗೆಯಿಂದ ಹೊರಬರುವ ಹೊತ್ತಿಗೆ ಬ್ಯಾಂಕು ರಾಜಿಗೆ ಒಪ್ಪಿತು. ಆ ದಿನ ಸೂದ್ ಮೇಡಂ ತಾವೇ ಬಂದಿದ್ದರು. ಎರಡೂ ಕಡೆಯವರು ಸಹಿ ಹಾಕಿದರು, ಅಧಿಕಾರಿ ದಾಖಲಿಸಿದರು, ಖುರಾನಾ ಕೇಸು ಮುಗಿಯಿತು. ಮುದುಕ ಯಾರ ಕೈ ಹಿಡಿಯಬೇಕೆಂದು ತಿಳಿಯದೆ ಬ್ಯಾಂಕಿನ ಮ್ಯಾನೇಜರನ್ನೇ ತಬ್ಬಿಕೊಂಡರು. ಅನಂತರಾಮರು ಮೊಣಕಾಲು ಮರೆತು ಎದ್ದು ನಿಂತರು.

ಕಾರಿಡಾರಿನಲ್ಲಿ ಸೂದ್ ಮೇಡಂ ಕನ್ನಡಕದ ಮೇಲಿಂದ ಮುರಳೀಧರನನ್ನು ನೋಡಿದರು.

"ವಕೀಲ್ ಸಾಬ್, ಗೆದ್ದವರ ಮುಖ ಹೀಗಿರುತ್ತಾ?"

"ಮಿಸ್ ರಾವ್ ಇವತ್ತು ಇದ್ದಿದ್ದರೆ ಚೆನ್ನಾಗಿತ್ತು ಮೇಡಂ. ಈ ಕೇಸಿಗೆ ಅವರೂ ಬಹಳ ದುಡಿದಿದ್ದರು. ಅವರನ್ನು ನೀವೇ ತೆಗೆದಿರಾ?"

"ನಾನೆಲ್ಲಿ ತೆಗೆದೆ? ಅವಳೇ ಬಿಟ್ಟಳು. ಗೆದ್ದ ಕೇಸನ್ನು, ತನ್ನ ಮೊದಲ ದೊಡ್ಡ ಕೇಸನ್ನು ತಂದು ನನ್ನ ಮೇಜಿನ ಮೇಲಿಟ್ಟು, 'ಮೇಡಂ, ಇದರಲ್ಲಿ ನನಗೆ ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಇದೆ' ಅಂದಳು."

ವಕೀಲನ ಮನಸ್ಸು ತನ್ನ ಕಕ್ಷಿದಾರನ ಹಿತ ಬಿಟ್ಟು ಬೇರೆ ಕಡೆ ಎಳೆಯುವಂತಿದ್ದರೆ ತಾನಾಗಿ ಹಿಂದೆ ಸರಿಯಬೇಕು ಎನ್ನುವ ನಿಯಮ ಅದು. ಅದು ಅವಳಿಗೆ ಹೇಗೆ ಅನ್ವಯಿಸುತ್ತದೆಂದು ಮುರಳೀಧರನಿಗೆ ಅರ್ಥವಾಗಲಿಲ್ಲ.

"ಯಾಕೆ? ಖುರಾನಾ ಅವರಿಗೆ ಅವರು ಸಂಬಂಧಿಕರೇ?"

ಸೂದ್ ಮೇಡಂ ಅವನನ್ನು ಪೂರ್ತಿ ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ಬುದ್ಧೂ" ಎಂದರು. "ಖುರಾನಾ ಸೇ ನಹೀಂ. ಖುರಾನಾ ಕೇ ವಕೀಲ್ ಸೇ. ಸಂಬಂಧ ಇರೋದು ಖುರಾನಾ ಜೊತೆಗಲ್ಲ, ಅವರ ವಕೀಲನ ಜೊತೆಗೆ."

ಕೋಟು ತೋಳಿನ ಮೇಲೆ ಹಾಕಿಕೊಂಡು ಅವರು ಹೊರಟುಹೋದರು. ಮುರಳೀಧರ ನಿಂತಲ್ಲೇ ನಿಂತ. ಜನ ಅವನನ್ನು ತಳ್ಳಿಕೊಂಡು ಹೋದರು, ಬಂದರು. ತನ್ನ ಮೇಲಿನ ಕೋಪಕ್ಕೆ ಅವಳು ಹೋದಳೆಂದು ಇಷ್ಟು ದಿನ ನಂಬಿದ್ದ. ಅವಳು ಹೊರಗೆ ನಡೆದದ್ದೇ ಒಂದು ಮಾತಾಗಿತ್ತು, ಅವಳಿಗೆ ಆಡಲು ಸಾಧ್ಯವಿದ್ದ ಒಂದೇ ಮಾತು. ಅದನ್ನು ತನ್ನ ಸೀನಿಯರ್ ಮುಂದೆ, ತನ್ನ ಹೆಸರು ಪಣಕ್ಕಿಟ್ಟು ಆಡಿದ್ದಳು.

ಮೊಬೈಲು ತೆಗೆದ. ಈ ಸಲ ಹಿಂದೆ ಬರಲಿಲ್ಲ.

"ಹಲೋ?"

"ಕೇಸು ಮುಗೀತು" ಎಂದ.

ಆ ಕಡೆ ಒಂದು ಉಸಿರು. "ಮನೆ?"

"ಉಳೀತು."

"ಥ್ಯಾಂಕ್ ಗಾಡ್." ಹಿಂದೆ ಯಾರೋ ಟೊಮೆಟೊ, ಟೊಮೆಟೊ ಎಂದು ಕೂಗುತ್ತಿದ್ದರು. "ನಾನು ಅಮ್ಮನ ಜೊತೆ ಬಜಾರಲ್ಲಿದೀನಿ. ಆರ್.ಕೆ.ಪುರಂ. ಬರ್ತೀರಾ?"

*

ಕ್ವಾರ್ಟರ್ಸುಗಳ ನಡುವಿನ ರಸ್ತೆಯಲ್ಲಿ ವಾರದ ಬಜಾರು ನೆರೆದಿತ್ತು. ಸಂಜೆಯ ತೆಳು ಮಂಜು ಇಳಿಯುತ್ತಿತ್ತು. ಗುಡ್ಡೆ ಗುಡ್ಡೆ ಮೂಲಂಗಿ, ಮೆಂತ್ಯದ ಸೊಪ್ಪು, ಹಸಿ ಬಟಾಣಿ. ಆಟೋದಿಂದ ಇಳಿದ ಮುರಳೀಧರನಿಗೆ ಅವಳು ಮೊದಲ ನೋಟಕ್ಕೇ ಸಿಕ್ಕಳು. ಕಪ್ಪು ಕೋಟಿಲ್ಲದೆ, ಹಸಿರು ಶಾಲು ಹೊದ್ದು, ಬಟಾಣಿ ಆರಿಸುತ್ತಿದ್ದಳು. ಸ್ವಲ್ಪ ದೂರದಲ್ಲಿ ಅವಳ ತಾಯಿ ಸರಳಾ ನುಗ್ಗೆಕಾಯಿಯವನ ಜೊತೆ ಜಗಳಕ್ಕೆ ನಿಂತಿದ್ದರು.

"ನಿಮ್ಮ ಮೇಡಂ ಹೇಳಿದ್ರು" ಎಂದ, ಪಕ್ಕದಲ್ಲಿ ಕೂತು.

ಅವಳ ಕೈ ನಿಂತಿತು. "ಏನಂತ?"

"ಫೈಲ್ ಯಾಕೆ ಬಿಟ್ರಿ ಅಂತ."

"ಅವರು ಹೇಳ್ಬಾರದಿತ್ತು." ಕಿವಿಯ ತುದಿಗಳು ಕೆಂಪಾದವು. ಅವಳು ಬಟಾಣಿಯ ಕಾಯೊಂದನ್ನು ಹಿಡಿದು ಅದನ್ನೇ ನೋಡತೊಡಗಿದಳು. "ಆರ್ಡರ್ ಆದ ದಿನ ಮನೆಗೆ ಹೋಗಿ ಬಹಳ ಅತ್ತೆ. ಆಮೇಲೆ ನಿಮ್ಮ ಪ್ರಪೋಸಲ್ ಬಂತು. ಓದಿದೆ. ಹರಾಜಿಗಿಂತ ಇದೇ ಬ್ಯಾಂಕಿಗೆ ಒಳ್ಳೇದು ಅನ್ನಿಸ್ತು. ಆದ್ರೆ ಹಾಗೆ ಅನ್ನಿಸ್ತಾ ಇರೋದು ವಕೀಲೆಗಾ, ನ... ನಂಗಾ ಅಂತ ಗೊತ್ತಾಗ್ಲಿಲ್ಲ. ಎಷ್ಟು ಯೋಚಿಸಿದ್ರೂ ಗೊತ್ತಾಗ್ಲಿಲ್ಲ. ಅದೇ ಗೊತ್ತಾಗದೇ ಇದ್ರೆ ಆ ಕಡೆ ನಿಲ್ಲಬಾರದು ನಾ? ಮೇಡಂಗೆ ಹೇಳಿದೆ. ನನ್ನ ಮಾತು ನಂಬಬೇಡಿ, ಬೇರೆಯವರ ಕೈಲಿ ನೋಡಿಸಿ ಅಂದೆ. ಅವರು ನೋಡಿಸಿದ್ರು. ಅವರೂ ಅದನ್ನೇ ಹೇಳಿದ್ರು."

"ನಿಮ್ಮ ಮೊದಲ ದೊಡ್ಡ ಕೇಸದು."

"ಇನ್ನೊಂದು ಸಿಗುತ್ತೆ." ಅವಳು ಈಗ ತಲೆಯೆತ್ತಿದಳು. "ನೀವು ಸಿಗ್ತೀರೋ ಇಲ್ವೋ ಗೊತ್ತಿರಲಿಲ್ಲ."

ಬಟಾಣಿಯವನು ತಕ್ಕಡಿ ಹಿಡಿದು ಕಾಯುತ್ತಿದ್ದ. ಮುರಳೀಧರ ದಾರಿಯುದ್ದಕ್ಕೂ ಆಟೋದಲ್ಲಿ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದ. ಒಂದೂ ನೆನಪಿಗೆ ಬರಲಿಲ್ಲ.

"ನಿಹಾರಿಕಾ, ನಂಗೆ ನಿಮ್ಮ ಜೊತೆ ಇರಬೇಕು" ಎಂದ. "ಯಾವಾಗಲೂ."

ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ನಕ್ಕಳು.

"ಅಮ್ಮಂಗೆ ಗೊತ್ತು" ಎಂದಳು.

"ಏನು ಗೊತ್ತು?"

"ಎಲ್ಲ. ಅಪ್ಪಂಗೂ. ಫೈಲ್ ಬಿಟ್ಟ ದಿನ ಅಪ್ಪ ಯಾಕೆ ಅಂತ ಕೇಳಿದ್ರು, ಹೇಳಿದೆ. ಹುಡುಗ ಯಾವಾಗ ಬರ್ತಾನೆ ಅಂದ್ರು. ಕೇಸ್ ಮುಗಿದ ಮೇಲೆ ಅಂದೆ. ಅಮ್ಮ, ದೆಹಲಿ ಕೇಸು, ಅಷ್ಟರಲ್ಲಿ ನೀನು ಮುದುಕಿ ಆಗ್ತೀಯ ಅಂತ ಬೈದ್ಲು."

ಅಷ್ಟರಲ್ಲಿ ಸರಳಾ ನುಗ್ಗೆಕಾಯಿಯ ಕಟ್ಟು ಗೆದ್ದುಕೊಂಡು ಬಂದರು. ಎದ್ದು ನಿಂತ ಮುರಳೀಧರನನ್ನು ನೋಡಿದರು, ಅವನ ಕಪ್ಪು ಕೋಟನ್ನು ನೋಡಿದರು, ಮಗಳ ಒದ್ದೆ ಕಣ್ಣನ್ನು ನೋಡಿದರು.

"ಇವರೇನಾ?"

"ಹೂಂ."

"ಊಟಕ್ಕಿರ್ತೀರಲ್ಲಪ್ಪ? ಹುಳಿ ಮಾಡ್ತೀನಿ" ಎಂದರು. ಉತ್ತರಕ್ಕೆ ಕಾಯಲಿಲ್ಲ. ಅವನ ನೆಂಟರಿಷ್ಟರ ವಿಷಯವೆಲ್ಲ ದಾರಿಯಲ್ಲಿ ಕೇಳಿದರಾಯಿತು ಎಂಬ ಧಾಟಿಯಲ್ಲಿ, "ಚಲೋ, ಚಳಿ ಆಗ್ತಿದೆ" ಎಂದು ಮುಂದೆ ನಡೆದೇಬಿಟ್ಟರು.

ನಿಹಾರಿಕಾ ಬಟಾಣಿ, ಮೆಂತ್ಯ, ಮೂಲಂಗಿ ತುಂಬಿದ ಬಟ್ಟೆಯ ಚೀಲವನ್ನು ಎತ್ತಿದಳು. ಭಾರವಿತ್ತು. ಇಷ್ಟು ತಿಂಗಳು ಅವನ ಹೆಸರನ್ನು ಪೂರ್ತಿಯಾಗಿ, ಕೋರ್ಟಿನಲ್ಲಿ ಕೂಗಿದ ಹಾಗೆ, ಕರೆದವಳು ಅವಳು.

"ಮುರಳಿ" ಎಂದಳು ಮೆಲ್ಲಗೆ. "ಇದನ್ನ ನೀನು ಹಿಡ್ಕೋ."

ನೀನು.

ಹೇಳಿದವಳಿಗೇ ಆಮೇಲೆ ಕೇಳಿಸಿತು. ಶಾಲಿನ ತುದಿಯನ್ನು ಬಾಯಿಗೊತ್ತಿಕೊಂಡಳು. ಅವನು ಚೀಲಕ್ಕೆ ಕೈ ಚಾಚಿದ. ಬೆರಳಿಗೆ ಬೆರಳು ತಾಗಿತು. ಈ ಸಲ ಯಾರೂ ಹಿಂದೆಗೆಯಲಿಲ್ಲ.

"ಕೊಡು" ಎಂದ ಅವನು.

ಸರಳಾ ಬಜಾರಿನ ಕೊನೆಯಲ್ಲಿ ನಿಂತು ತಿರುಗಿ ನೋಡಿ, "ಬನ್ನಿ ಇಬ್ರೂ" ಎಂದು ಕೂಗಿದರು.